ಹಿಮಕ್ಕಿಟ್ಟ ಆಲೂಗಡ್ಡೆ

ನಾನು ಪೆರು ದೇಶಕ್ಕೆ ಕಾಲಿಟ್ಟವಳಲ್ಲ. ಆದರೂ ಕುಸ್ಕೊ ಪಟ್ಟಣದಾಚೆಯ ಒಂದು ಬೆಟ್ಟದ ಸೀಮೆಗೆ ನನ್ನನ್ನು ಒಯ್ದು ಬಿಟ್ಟರೆ, ಯಾರನ್ನೂ ದಾರಿ ಕೇಳದೆ ಓಡಾಡಿಕೊಂಡು ಬರುತ್ತೇನೆ ಎಂಬ ಭಂಡ ಧೈರ್ಯ ನನಗಿದೆ. ಆ ಸೀಮೆ ಎರಡು ವರ್ಷ ಸಿಡ್ನಿಯ ಒಂದು ಅಡುಗೆಮನೆಯ ಮೇಜಿನ ಮೇಲಿತ್ತು. ಅದರ ಪಕ್ಕದಲ್ಲೇ ತಟ್ಟೆಯಿಟ್ಟುಕೊಂಡು ನಾನು ಅನ್ನ ಸಾರು ಉಂಡಿದ್ದೇನೆ.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಓದಲೆಂದು ಸಿಡ್ನಿಗೆ ಬಂದಾಗ ಫೇರ್‌ಫೀಲ್ಡ್ ಎಂಬ ಸಬರ್ಬ್‌ನಲ್ಲಿ ನನಗೊಂದು ರೂಮ್ ಸಿಕ್ಕಿತು. ಮನೆಯೊಡತಿ ಅರವತ್ತು ದಾಟಿದ ಹೆಂಗಸು. ಗಂಡನ ಜೊತೆ ಫ್ಯಾಕ್ಟರಿ ಕೆಲಸಕ್ಕೆಂದು ಪೆರುವಿನಿಂದ ಎಂದೋ ಬಂದವರು, ಈಗ ಗಂಡನಿಲ್ಲ, ಒಂದು ಶಾಲೆಯಲ್ಲಿ ಕ್ಲೀನಿಂಗ್ ಮಾಡುತ್ತಿದ್ದರು. ಬೆಂಗಳೂರಿನ ಪಿಜಿಯ ಅಭ್ಯಾಸಬಲದಿಂದ ಮೊದಲ ದಿನವೇ ಅವರನ್ನು ಓನರ್ ಆಂಟಿ ಎಂದೆ. ಅದೇ ಉಳಿಯಿತು. ಅವರ ಮನೆಮಾತು ಕೆಚುವಾ, ಸಂತೆಯ ಮಾತು ಸ್ಪ್ಯಾನಿಷ್, ನನ್ನೊಡನೆ ಮುರುಕು ಇಂಗ್ಲಿಷ್. ಆ ಮುರುಕನ್ನು ಇಲ್ಲಿ ಕನ್ನಡದಲ್ಲಿ ನೆಟ್ಟಗೆ ಬರೆಯುತ್ತಿದ್ದೇನೆ. ಅಣಕ ಮಾಡಿದರೆ ನನ್ನ ಇಂಗ್ಲಿಷನ್ನೂ ಅಣಕ ಮಾಡಬೇಕಾಗುತ್ತದೆ.

"ನಿನ್ನ ಊರಲ್ಲಿ ಯಾವ ಬೆಟ್ಟ ಕಾಣುತ್ತೆ?" ಇದು ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಓದು, ವೀಸಾ, ಮದುವೆ ಯಾವುದೂ ಅಲ್ಲ. ನಮ್ಮದು ಕೊಳ್ಳೇಗಾಲದ ಕಡೆ. ಬೆಟ್ಟಗಳಿಗೇನು ಬರವಿಲ್ಲ. ಮಾದಪ್ಪನ ಬೆಟ್ಟವಿದೆ ಎಂದೆ. ತಲೆಯಾಡಿಸಿದರು. ಆಮೇಲೆ ಉಪ್ಪಿನ ಡಬ್ಬಿಯನ್ನು ಮೇಜಿನ ತುದಿಗೆ ಇಟ್ಟು, "ಇದು ನಮ್ಮ ಔಸಂಗಾಟೆ" ಎಂದರು.

ಅಲ್ಲಿಂದ ಶುರುವಾಯಿತು. ಉಪ್ಪಿನ ಡಬ್ಬಿ ಹಿಮದ ಶಿಖರ. ಅದರಿಂದ ಇಳಿದು ಬರುವ ಒದ್ದೆ ಒರೆಸುಬಟ್ಟೆ ನದಿ. ಮೇಜಿನ ಇನ್ನೊಂದು ಅಂಚಿಗೆ, ಕೆಳಗೆ ಬೆಚ್ಚನೆಯ ಕಣಿವೆ, ಅಲ್ಲಿ ಮುಸುಕಿನ ಜೋಳ. ಪುಸ್ತಕ ಪೇರಿಸಿದಲ್ಲಿಗೆ ಹತ್ತಿದರೆ ಕಲ್ಲುಕಟ್ಟಡದ ಮೆಟ್ಟಿಲು ಹೊಲಗಳು, ಗಾರೆಯಿಲ್ಲದೆ ಪೂರ್ವಿಕರು ಕೂರಿಸಿದ ಕಲ್ಲು, ಅಲ್ಲಿ ಆಲೂಗಡ್ಡೆ. ಇನ್ನೂ ಮೇಲೆ ಮರವೇ ಇಲ್ಲ, ಬರೀ ಒರಟು ಹುಲ್ಲು, ಲಾಮಾಗಳು, ಗಾಳಿ. ಒಂದೊಂದು ಎತ್ತರದಲ್ಲೂ ಒಬ್ಬೊಬ್ಬರು ನೆಂಟರಿರಬೇಕು. ಜೋಳದ ಚಿಕ್ಕಪ್ಪ, ಆಲೂಗಡ್ಡೆಯ ಅತ್ತೆ, ಉಣ್ಣೆಯ ಭಾವ. ಲಾಮಾದ ಬೆನ್ನ ಮೇಲೆ ಕೆಳಗಿನದು ಮೇಲಕ್ಕೆ, ಮೇಲಿನದು ಕೆಳಕ್ಕೆ. ಎರಡು ಲೋಟಗಳ ನಡುವೆ ಉಣ್ಣೆ ದಾರ ಕಟ್ಟಿ ಹುಲ್ಲಿನ ಸೇತುವೆಯನ್ನೂ ತೋರಿಸಿದರು. ವರ್ಷಕ್ಕೊಮ್ಮೆ ಸುತ್ತಲ ಹಳ್ಳಿಯವರು ಮನೆಮನೆಯಿಂದ ಹೊಸೆದ ಹುಲ್ಲಿನ ಹಗ್ಗ ತರುತ್ತಾರೆ, ಹಳೆಯ ಸೇತುವೆಯನ್ನು ಕಡಿದು ನದಿಗೆ ಬಿಟ್ಟು ಹೊಸದು ನೇಯುತ್ತಾರೆ. ಕೂಲಿ ಯಾರಿಗೂ ಇಲ್ಲ. ನೀನು ನನ್ನ ಹೊಲಕ್ಕೆ ಬಂದರೆ ನಾನು ನಿನ್ನ ಹೊಲಕ್ಕೆ. ನಮ್ಮಲ್ಲಿ ಅದಕ್ಕೆ ಮುಯ್ಯಿ ಅನ್ನುತ್ತೇವೆ ಎಂದೆ. ಅವರಿಗೆ ಬಹಳ ಖುಷಿಯಾಯಿತು. ಎಂದೂ ಇಲ್ಲದಷ್ಟು ದೊಡ್ಡ ಲೋಟದಲ್ಲಿ ನನಗೆ ಟೀ ಕೊಟ್ಟರು.

ಆ ದಿನಗಳಲ್ಲಿ ನಾನು ಅರೆನಿದ್ದೆಯಲ್ಲೇ ಬದುಕುತ್ತಿದ್ದೆ. ಬೆಳಿಗ್ಗೆ ರೈಲಿನ ಕಿಟಕಿಗೆ ತಲೆ ಆನಿಸಿದರೆ ಸಾಕು, ಗೋಡೌನುಗಳು, ಕಾರ್‌ಪಾರ್ಕುಗಳು ಕರಗಿ ಹೋಗಿ ಹುಲ್ಲಿನ ಸೇತುವೆ ತೂಗಾಡುತ್ತಿತ್ತು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಎಚ್ಚರವಾದಾಗ ಕಾಲಡಿಯಲ್ಲಿ ನದಿ ಇಲ್ಲದ್ದಕ್ಕೆ ಬೇಸರವಾಗುತ್ತಿತ್ತು. ಇನ್ನೊಂದು ಹೊಟ್ಟೆಕಿಚ್ಚೂ ನನಗಿತ್ತು, ಹೇಳಿಬಿಡುತ್ತೇನೆ. ಈ ದೇಶದಲ್ಲಿ ನನ್ನ ಪಂಚಾಂಗವೆಲ್ಲ ತಲೆಕೆಳಗು. ಯುಗಾದಿಗೆ ಎಲೆ ಉದುರುತ್ತವೆ, ದೀಪಾವಳಿಗೆ ಫ್ಯಾನ್ ಹಾಕಬೇಕು. ಓನರ್ ಆಂಟಿಗೆ ಆ ತಾಪತ್ರಯವೇ ಇಲ್ಲ. ಅವರ ಊರಲ್ಲೂ ಜೂನ್ ಎಂದರೆ ಚಳಿ, ಇಲ್ಲೂ ಚಳಿ. ಅಲ್ಲಿ ಕಾಣುವ ನಕ್ಷತ್ರವೇ ಇಲ್ಲೂ. ಅವರಿಗೆ ಸಿಗದಿದ್ದದ್ದು ಒಂದೇ, ಚುನ್ಯೊ.

ಚುನ್ಯೊ ಎಂದರೆ ಒಣಗಿಸಿದ ಆಲೂಗಡ್ಡೆ. ನಾವು ಸಂಡಿಗೆಯನ್ನು ಬಿಸಿಲಿಗಿಟ್ಟರೆ ಅವರು ಇದನ್ನು ಹಿಮಕ್ಕಿಡುತ್ತಾರೆ. ಜೂನ್ ಚಳಿಯಲ್ಲಿ ಸಣ್ಣ ಗೆಡ್ಡೆಗಳನ್ನು ಹುಲ್ಲಿನ ಮೇಲೆ ಹರಡುತ್ತಾರೆ. ರಾತ್ರಿ ಹೆಪ್ಪುಗಟ್ಟುತ್ತವೆ, ಹಗಲು ಬಿಸಿಲಿಗೆ ಕರಗುತ್ತವೆ. ಹಾಗೆ ಕೆಲವು ದಿನ ಕಳೆದ ಮೇಲೆ ಮನೆಮಂದಿಯೆಲ್ಲ ಬರಿಗಾಲಲ್ಲಿ ತುಳಿದು ನೀರು, ಸಿಪ್ಪೆ ಬಿಡಿಸಿ, ಕಲ್ಲಿನ ಹಾಗಾಗುವತನಕ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಬೆಟ್ಟ ದಾಟಿ ಹೋಗುವವರಿಗೆ ಅದೇ ಬುತ್ತಿ.

ಅವರಿಗೆ ಅದು ಬೇಕಿದ್ದದ್ದು ನಾಲಿಗೆಯ ಚಪಲಕ್ಕಲ್ಲ. ನವೆಂಬರ್ ಮೊದಲ ದಿನಗಳಲ್ಲಿ ಅವರ ಕಡೆ ಸತ್ತವರು ಮನೆಗೆ ಬರುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೇ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಅವರಮ್ಮ ತೀರಿಕೊಂಡಾಗ ಇವರು ಇಲ್ಲಿ ಫ್ಯಾಕ್ಟರಿಯಲ್ಲಿದ್ದರು, ಹೋಗಲಾಗಲಿಲ್ಲ. ಅಂದಿನಿಂದ ಪ್ರತಿ ವರ್ಷ ಮೇಜಿನ ಮೇಲೆ ಫೋಟೊ, ಮೇಣದ ಬತ್ತಿ, ಹೂವು, ಬ್ರೆಡ್ಡು, ಅನ್ನ. ಆ ಅಮ್ಮ ಕೇಳುತ್ತಿದ್ದ ಚುನ್ಯೊ ಮಾತ್ರ ಇಲ್ಲ, ಅದಿಲ್ಲದೆ ಅವಳು ಏನನ್ನೂ ತಿನ್ನುವುದಿಲ್ಲ ಎನ್ನುತ್ತಿದ್ದರು. ಒಮ್ಮೆ ಸಂಬಂಧಿಯೊಬ್ಬ ಊರಿನಿಂದ ತಂದ ಚುನ್ಯೊ ಏರ್‌ಪೋರ್ಟಿನ ಕಸದ ಡಬ್ಬಿ ಸೇರಿತು. ನಮ್ಮ ಕರಿಬೇವಿನ ಗತಿಯೇ.

"ತಿಂದಿಲ್ಲ ಅಂತ ಹೇಗೆ ಗೊತ್ತಾಗುತ್ತೆ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಅವರು ತಿಂದರೆ ತಟ್ಟೆಯಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತೆ. ರುಚಿ ಮಾತ್ರ ಹೋಗಿರುತ್ತೆ. ಆಮೇಲೆ ನಾವು ತಿಂದರೆ ಸಪ್ಪೆ. ನಾನಿಡುವ ಬ್ರೆಡ್ಡು ಮಾರನೇ ದಿನವೂ ರುಚಿಯಾಗಿರುತ್ತೆ. ನನ್ನಮ್ಮ ಬರುತ್ತಾಳೆ, ನೋಡುತ್ತಾಳೆ, ಹಸಿದುಕೊಂಡು ಹೋಗುತ್ತಾಳೆ."

ಅವರು ಅಳುತ್ತ ಹೇಳಲಿಲ್ಲ. ಕರೆಂಟ್ ಹೋಗಿದೆ ಎನ್ನುವ ಹಾಗೆ ಹೇಳಿದರು. ನನಗೆ ಮಾತ್ರ ಅಂದು ಅನ್ನ ಸೇರಲಿಲ್ಲ.

ನನ್ನ ಓದು ಮುಗಿಯಿತು, ಪಿಆರ್ ಬಂತು, ಮದುವೆಯಾಯಿತು. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿ, ಊರಿನ ಉತ್ತರದ ಕೊನೆಯಲ್ಲಿ, ಕ್ರೇಗಿಬರ್ನ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಓನರ್ ಆಂಟಿ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ. "ಅಲ್ಲಿ ಬೆಳಿಗ್ಗೆ ಹುಲ್ಲು ಬೆಳ್ಳಗಾಗುತ್ತಾ?" ಸಿಡ್ನಿಯ ಅವರ ಅಂಗಳದಲ್ಲಿ ಅಷ್ಟು ಚಳಿ ಬೀಳುತ್ತಿರಲಿಲ್ಲ. ಮಳೆಯಿಲ್ಲದ ಒಂದು ಜೂನ್‌ನಲ್ಲಿ, ಗಾರ್ಡನ್‌ಗೆ ನೀರು ಬಿಡಬಾರದೆಂದು ಸರ್ಕಾರ ಕಟ್ಟು ಮಾಡಿದ್ದ ವರ್ಷ, ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಹುಲ್ಲಿನ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂತಿತ್ತು. ಫೋನ್ ಮಾಡಿ ಹೇಳಿದೆ. ಒಂದು ವಾರ ರಜೆ ಹಾಕಿ ಬಸ್ಸು ಹತ್ತಿ ಬಂದೇಬಿಟ್ಟರು.

ಆಗ ನನ್ನ ಅಮ್ಮನೂ ಊರಿನಿಂದ ಬಂದು ನಮ್ಮ ಜೊತೆಗಿದ್ದಳು. ಒಬ್ಬರ ಭಾಷೆಯ ಒಂದು ಪದವೂ ಇನ್ನೊಬ್ಬರಿಗೆ ಬಾರದು. ಆದರೂ ಹಿತ್ತಲ ಬಿಸಿಲಿನಲ್ಲಿ ಪಕ್ಕಪಕ್ಕ ಕುರ್ಚಿ ಹಾಕಿಕೊಂಡು, ಓನರ್ ಆಂಟಿ ಕದಿರು ತಿರುಗಿಸಿ ಉಣ್ಣೆ ನೂಲುವುದು, ಅಮ್ಮ ಹತ್ತಿ ಬಿಡಿಸಿ ಹೂಬತ್ತಿ ಹೊಸೆಯುವುದು. ಟೀ ಕುಡಿಯುವ ಮೊದಲು ಓನರ್ ಆಂಟಿ ಎರಡು ತೊಟ್ಟು ನೆಲಕ್ಕೆ ಚೆಲ್ಲಿ ತಮ್ಮ ಬೆಟ್ಟಗಳ ಹೆಸರು ಹೇಳುತ್ತಿದ್ದರು. ಬೆಟ್ಟಗಳು ಹಿರಿಯರಂತೆ, ಹೆಸರು ಹಿಡಿದು ಕರೆಯದಿದ್ದರೆ ನಾವೆಲ್ಲಿದ್ದೇವೆಂದು ಅವಕ್ಕೆ ತಿಳಿಯುವುದಿಲ್ಲವಂತೆ. ನಾನು ಅರ್ಥ ಹೇಳಿದೆ. ಅಮ್ಮನೂ ತನ್ನ ಲೋಟದಿಂದ ಎರಡು ತೊಟ್ಟು ಚೆಲ್ಲಿ, "ಮಾದಪ್ಪನ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಮರಡಿಗುಡ್ಡ" ಎಂದಳು. ನನ್ನ ಕಡೆ ತಿರುಗಿ, "ಬೋ ಒಳ್ಳೆ ಎಂಗ್ಸು ಕಣ ಇವ್ರು. ನೆಲಕ್ಕ ಕೊಟ್ಟು ತಿಂತಾರ" ಎಂದಳು.

ನನ್ನ ಗಂಡನಿಗೆ ಮಾತ್ರ ದಿಗಿಲು. "ಏನೇ ಇದು, ಬ್ಯಾಕ್‌ಯಾರ್ಡ್ ತುಂಬಾ ಆಲೂಗಡ್ಡೆ! ಏಜೆಂಟ್ ಇನ್‌ಸ್ಪೆಕ್ಷನ್‌ಗೆ ಬಂದ್ರೆ ಏನಂತ ಎಕ್ಸ್‌ಪ್ಲೇನ್ ಮಾಡೋದು?"

"ಸಂಡಿಗೆ ಅಂತ ಹೇಳಿ" ಎಂದೆ.

ಓನರ್ ಆಂಟಿ ಬಂದ ಮೇಲೆ ಆಕಾಶ ಹಟ ಹಿಡಿಯಿತು. ದಿನವೂ ಮೋಡ, ಬೆಳಿಗ್ಗೆ ಹುಲ್ಲು ಹಸಿರು. ಹಿಮ ಬೀಳದ ರಾತ್ರಿ ಕೊಳೆತಾವೆಂದು ಸಂಜೆಯಾದರೆ ಗೆಡ್ಡೆಗಳನ್ನು ತಾವೇ ಒಳಗೆ ಎತ್ತಿಡುತ್ತಿದ್ದರು. ಅವರು ಅಡುಗೆಮನೆಯಲ್ಲಿ ಕಾಲೆತ್ತಿ ಕಾಲಿಟ್ಟು ಗೆಡ್ಡೆ ತುಳಿಯುವುದು ಹೇಗೆಂದು ಅಮ್ಮನಿಗೆ ತೋರಿಸಿ ನಗಿಸುತ್ತಿದ್ದರು, ಮತ್ತೆ ಕಿಟಕಿಯಿಂದ ಮೋಡ ನೋಡುತ್ತಿದ್ದರು. ಹೊರಡುವ ಎರಡು ದಿನ ಮುಂಚೆ ಮೋಡ ಚದುರಿತು. ಇಂದು ಗ್ಯಾರಂಟಿ ಫ್ರಾಸ್ಟ್ ಎಂದು ಟಿವಿಯಲ್ಲಿ ಹೇಳಿದರು. ಮಧ್ಯಾಹ್ನವೇ ಗೆಡ್ಡೆಗಳನ್ನು ಒಣಹುಲ್ಲಿನ ಮೇಲೆ ಒಂದಕ್ಕೊಂದು ತಾಕದಂತೆ ಹೊಸದಾಗಿ ಹರಡಿ, ಬೆಳಕು ಹರಿಯುವ ಮೊದಲೇ ಏಳಬೇಕೆಂದು ಸಂಜೆಗೇ ಮಲಗಿದರು. ಒಂದೇ ಒಂದು ರಾತ್ರಿ ಗಟ್ಟಿ ಹಿಮ ಸಿಕ್ಕಿದರೆ ಸಾಕು, ಉಳಿದದ್ದನ್ನು ಹೇಗಾದರೂ ಮಾಡಿಕೊಳ್ಳುತ್ತೇನೆ ಎಂದಿದ್ದರು.

ಬೆಳಗಿನ ಜಾವ ಹಿತ್ತಲ ಬಾಗಿಲು ಸರಿದ ಸದ್ದಿಗೆ ಎದ್ದು ಹೋದೆ. ಹಿತ್ತಲು ಪೂರ್ತಿ ಬಿಳಿ. ಬೇಲಿಯ ಮೇಲೆ, ಬಟ್ಟೆ ಒಣಗಿಸುವ ತಂತಿಯ ಮೇಲೆ, ನಲ್ಲಿಯ ಮೂತಿಯ ಮೇಲೆ ಬಿಳಿ. ಅಷ್ಟು ಚೆಂದದ ಬೆಳಗನ್ನು ನಾನು ಈ ದೇಶದಲ್ಲಿ ಕಂಡಿರಲಿಲ್ಲ. ನಡುವೆ ಓನರ್ ಆಂಟಿ ಕಾಲುಚೀಲದಲ್ಲೇ ನಿಂತಿದ್ದರು. ಎದುರಿಗೆ ಒಣಹುಲ್ಲು, ಅದೂ ಬಿಳಿ. ಅದರ ಮೇಲೆ ಒಂದು ಗೆಡ್ಡೆಯೂ ಇಲ್ಲ.

ಹಿಂದಿನಿಂದ ಅಮ್ಮ ಶಾಲು ಹೊದ್ದು ಬಂದಳು. ಮುಖದಲ್ಲಿ ಹೆಮ್ಮೆ. "ಸಂಜ್ಗ ಬಟ್ಟ ಎತ್ತಕ ಬಂದಿ, ನೋಡ್ತೀನಿ, ಪಾಪ, ಹಂಗೇ ಬುಟ್ಟು ಮನಗವ್ರ. ಹಿಮ ಬಿದ್ರ ಮುಗ್ಗಲು ಹಿಡೀತದಲ್ವ? ಎಲ್ಲಾನೂ ಆಯ್ದು ಒಳಗ ಹೀಟರ್ ತಾವ ಮಡಗಿನಿ. ಒಂದೂ ನೆನಿಯಕ ಬುಡ್ನಿಲ್ಲ, ಹೇಳವ್ವ ಅವ್ರ್ಗ."

ಹೊತ್ತು ಇಳಿದ ಮೇಲೆ ಒಣಗಲಿಟ್ಟದ್ದನ್ನು ಹೊರಗೆ ಬಿಡಬಾರದು. ನಮ್ಮ ಮನೆಗಳಲ್ಲಿ ಹುಟ್ಟಿದ ಹೆಣ್ಣಿಗೆ ಇದನ್ನು ಯಾರೂ ಹೇಳಿಕೊಡುವುದೂ ಬೇಕಿಲ್ಲ, ಕೈ ತಾನಾಗೇ ಮೊರದ ಕಡೆ ಹೋಗುತ್ತದೆ. ಬಿಸಿಲಿಗಿಡುವುದು ಮಾತ್ರ ಅಮ್ಮನ ಕಣ್ಣಿಗೆ ಬಿದ್ದಿತ್ತು. ರಾತ್ರಿಯ ಚಳಿಯೇ ಇದರ ಅಡುಗೆ ಎಂಬುದು ಅವಳ ಊಹೆಗೂ ನಿಲುಕಿರಲಿಲ್ಲ.

ಓನರ್ ಆಂಟಿ ಹೀಟರ್ ಪಕ್ಕದ ಟಬ್ಬಿನಿಂದ ಒಂದು ಗೆಡ್ಡೆ ತೆಗೆದು ಅಂಗೈಯಲ್ಲಿ ಹಿಡಿದರು. "ಬೆಚ್ಚಗಿದೆ" ಎಂದರು. ಅಷ್ಟೇ. ಆ ರಾತ್ರಿ ಮತ್ತೆ ಮೋಡ ಕವಿಯಿತು. ಹೊರಡುವವರೆಗೂ ಅಮ್ಮನ ಮುಖವನ್ನು ಅವರು ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು ಏನೋ ಸಮಾಧಾನ ಹೇಳಹೋದೆ. "ಇರಲಿ ಬಿಡು. ಹಸಿದು ಹೋಗುವುದು ನನ್ನಮ್ಮನಿಗೆ ಅಭ್ಯಾಸವಾಗಿದೆ" ಎಂದು ಬಸ್ಸು ಹತ್ತಿದರು. ನನಗೆ ಅವರ ಮೇಲೂ ಸಿಟ್ಟು ಬಂತು, ಅಮ್ಮನ ಮೇಲೂ ಬಂತು, ಎಲ್ಲಕ್ಕಿಂತ ಹೆಚ್ಚು ಆ ಮೋಡದ ಮೇಲೆ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅಲ್ಲಿಯವರೆಗೆ ಅವಳು ಅದು ಬರೀ ತಿಂಡಿಯೆಂದೇ ತಿಳಿದಿದ್ದಳು. ಎಡೆಯ ಮಾತು ಬರುತ್ತಲೇ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟಳು.

"ಅವ್ರವ್ವನ್ಗ ಎಡ ಇಕ್ಕಕ ಅಂತ ಯಾಕ ಹೇಳ್ನಿಲ್ಲ ನನ್ಗ?"

ಮಧ್ಯಾಹ್ನ ಊಟ ಬೇಡವೆಂದಳು. ಮಾರನೇ ಸಂಜೆ ನಾನು ಆಫೀಸಿನಿಂದ ಟ್ರಾಮು, ರೈಲು ಹಿಡಿದು ಮನೆ ಮುಟ್ಟುವ ಹೊತ್ತಿಗೆ ಗೆಡ್ಡೆಗಳೆಲ್ಲ ಮತ್ತೆ ಒಣಹುಲ್ಲಿನ ಮೇಲಿದ್ದವು. ನನ್ನ ಗಂಡ ಫ್ರೀಜರ್‌ನಲ್ಲಿಟ್ಟರೆ ಒಂದೇ ದಿನಕ್ಕೆ ಆಗುತ್ತದಲ್ಲ ಎಂದ. "ಫ್ರಿಜ್ಜಿನ ಹಿಮ ಯಾವ ಬೆಟ್ಟದಿಂದ ಬತ್ತದಪ್ಪ?" ಎಂದಳು ಅಮ್ಮ.

ಅಂದಿನಿಂದ ಹೊತ್ತು ಮುಳುಗುವುದಕ್ಕೂ ಅಮ್ಮನಿಗೂ ಒಂದು ಜಗಳ. ಕತ್ತಲಾಗುತ್ತ ಬಂದರೆ ಅವಳ ಕೈ ಚಡಪಡಿಸುತ್ತಿತ್ತು. ಎತ್ತಿಡು, ಎತ್ತಿಡು ಎನ್ನುವ ಒಳಗಿನ ಮಾತನ್ನು ಕೇಳಿಸಿಕೊಳ್ಳದಿರಲು ಅವಳು ಕರ್ಟನ್ ಎಳೆದು ಟಿವಿಯ ಸದ್ದು ಜಾಸ್ತಿ ಮಾಡಿಕೊಳ್ಳುತ್ತಿದ್ದಳು. ಎಷ್ಟೋ ಗೆಡ್ಡೆ ಕೊಳೆತವು. ಹೊಸದು ತರಿಸಿದಳು. ಜುಲೈ ತಿಂಗಳಲ್ಲಿ ಆಕಾಶ ಮನಸ್ಸು ಮಾಡಿತು, ಸಾಲಾಗಿ ಬೆಳ್ಳನೆಯ ಬೆಳಗುಗಳು ಬಂದವು. ಒಂದು ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಅಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಬಿಳಿ ಹುಲ್ಲಿನ ಮೇಲೆ ನಿಂತಲ್ಲೇ ತುಳಿಯುತ್ತಿದ್ದಾಳೆ. ಬಾಯಿಂದ ಹೊಗೆ ಹೋಗುತ್ತಿತ್ತು. ನನಗೆ ಇನ್ನೂ ನಿದ್ದೆಗಣ್ಣು. ಬೇಲಿಯಾಚೆ ಮಲಗಿದ್ದ ಕ್ರೇಗಿಬರ್ನ್‌ನ ಹೆಂಚಿನ ಮಾಡುಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಅವುಗಳ ತುದಿಗೆ ಉಪ್ಪಿನ ಡಬ್ಬಿಯ ಬೆಟ್ಟ ನಿಂತಂತಿತ್ತು. ಕೂಗಿದರೆ ಎಲ್ಲ ಕರಗೀತೆಂದು ಸುಮ್ಮನೆ ನೋಡಿದೆ.

ಒಂದು ಮೂಟೆ ಗೆಡ್ಡೆ ಕೊನೆಗೆ ಒಂದು ಕಾಫಿಪುಡಿ ಡಬ್ಬಿಯಷ್ಟಾಯಿತು. ಕಪ್ಪಗೆ, ಹಗುರವಾಗಿ, ಹೊಳೆದಂಡೆಯ ಹರಳಿನಂತೆ. ಪರೀಕ್ಷೆಗೆಂದು ಎರಡನ್ನು ನೆನೆಸಿ ಬೇಯಿಸಿದೆವು. ಹಸಿಮಣ್ಣಿನ ಘಾಟು, ಸ್ವಲ್ಪ ಕಹಿ, ಸ್ವಲ್ಪ ಹುಳಿ. ನನ್ನ ಗಂಡ ಒಂದು ಕಚ್ಚಿ, ಒದ್ದೆ ಸಾಕ್ಸ್ ಥರ ಇದೆ ಎಂದು ಉಗುಳಿದ. ಅಮ್ಮ ಮಾತ್ರ ಪೂರ್ತಿ ನುಂಗಿದಳು.

ನವೆಂಬರ್ ಬಂತು. ಅಮ್ಮ ಊರಿಗೆ ಹೊರಡಲು ಕೆಲವೇ ದಿನ ಉಳಿದಿತ್ತು. ಓನರ್ ಆಂಟಿಗೆ ಹೇಳದೆ ನಾನೂ ಅಮ್ಮನೂ ಕಾರಿನಲ್ಲಿ ಸಿಡ್ನಿಗೆ ಹೊರಟೆವು. ಹ್ಯೂಮ್ ಹೈವೇ ಉದ್ದಕ್ಕೂ ಅಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸಿದಳು.

ಫೇರ್‌ಫೀಲ್ಡ್‌ನ ಬೀದಿಯಲ್ಲಿ ಜಕರಂಡಾ ಹೂವು ಉದುರಿ ನೀಲಿಯಾಗಿತ್ತು. ಬಾಗಿಲು ತೆರೆದ ಓನರ್ ಆಂಟಿ ನನ್ನನ್ನು ಅಪ್ಪಿಕೊಂಡರು, ಅಮ್ಮನಿಗೆ ತಲೆಯಾಡಿಸಿದರು. ಅಮ್ಮ ಎರಡೂ ಕೈಯಿಂದ ಡಬ್ಬಿ ಮುಂದೆ ಹಿಡಿದಳು. ಮುಚ್ಚಳ ತೆರೆದು ಮೂಸಿದರು. ಒಂದನ್ನು ಹಲ್ಲಿನ ನಡುವೆ ಇಟ್ಟು ಒತ್ತಿದರು. ಆಮೇಲೆ ಬಗ್ಗಿ ಅಮ್ಮನ ಪಾದ ನೋಡಿದರು. ಜುಲೈ ಚಳಿಗೆ ಒಡೆದ ಹಿಮ್ಮಡಿ ಇನ್ನೂ ಕೂಡಿಕೊಂಡಿರಲಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನೆಲದ ಮೇಲೆ ಕೂತು, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಂಥದೋ ಮುಲಾಮು ತಿಕ್ಕತೊಡಗಿದರು. ಅಮ್ಮ ಗಾಬರಿಯಾದಳು. "ಬ್ಯಾಡ ಅನ್ನವ್ವ, ದೊಡ್ಡೋರು ಕಾಲು ಮುಟ್ಬಾರ್ದು, ಪಾಪ ಬತ್ತದ ನನ್ಗ." ನಾನು ಹೇಳಿದೆ. ಅವರು ಕೇಳಲಿಲ್ಲ. ಇಬ್ಬರ ಕಣ್ಣಲ್ಲೂ ನೀರಿತ್ತು, ನನ್ನದೂ ಬೇರೆಯಾಗಿರಲಿಲ್ಲ.

ರಾತ್ರಿಯಿಡೀ ನೆನೆದ ಚುನ್ಯೊವನ್ನು ಮಾರನೇ ದಿನ ಬೇಯಿಸಿ ಫೋಟೊದ ಮುಂದಿಟ್ಟರು. ಪಕ್ಕದಲ್ಲಿ ಹೂವು, ಮೇಣದ ಬತ್ತಿ, ಕೂಸಿನ ಆಕಾರದ ಬ್ರೆಡ್ಡು. ಓನರ್ ಆಂಟಿ ಔಸಂಗಾಟೆಯಿಂದ ಹಿಡಿದು ಬೆಟ್ಟಗಳನ್ನು ಒಂದೊಂದಾಗಿ ಕರೆದರು. ಕೊನೆಗೆ ತಡವರಿಸಿಕೊಂಡು, ಮಾದಪ್ಪನ ಬೆಟ್ಟ ಎಂದರು. ಆಮೇಲೆ ವರ್ಷವರ್ಷದ ಹಾಗೆ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು, ತಟ್ಟೆಯ ಮೇಲೆ ಕಣ್ಣಿಟ್ಟು ಕೂತರು.

ಅಮ್ಮ ನನ್ನ ತೋಳು ಹಿಡಿದೆಳೆದಳು. "ಇದೇನವ್ವ ಇದು? ಹಿಂಗ ಮಕ ನೋಡ್ತ ಕೂತ್ಕಂಡ್ರ ಅವ್ರವ್ವ ಹೆಂಗ ಉಂಡಾರು? ನಾಚ್ಕ ಆಗಲ್ವ? ಎದ್ದು ಬರಕೇಳು."

ನಮ್ಮಲ್ಲಿ ಎಡೆಯಿಟ್ಟ ಮೇಲೆ ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಹೊರಗೆ ಹೋಗಿಬಿಡುತ್ತೇವೆ. ಹಿರಿಯರು ನಿಧಾನವಾಗಿ ಉಣ್ಣಲಿ ಎಂದು. ಹೇಳಿದಾಗ ಓನರ್ ಆಂಟಿ ನನ್ನನ್ನೂ ಅಮ್ಮನನ್ನೂ ನೋಡಿದರು. ಇಷ್ಟು ವರ್ಷ ಅವರು ತಮ್ಮ ಅಮ್ಮನನ್ನು ಕಾಯುತ್ತ ಅಲ್ಲೇ ಕೂತಿದ್ದವರು. ಅಲ್ಲಿಂದ ಏಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಕಂಡೆ. ಅಮ್ಮ ಕೈ ಚಾಚಿದಳು. ಹಿಡಿದುಕೊಂಡು ಎದ್ದರು.

ನಾವು ಮೂವರೂ ಮುಂಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ನಿಂತೆವು. ಗಾಳಿಗೆ ಜಕರಂಡಾ ಉದುರುತ್ತಿತ್ತು. ಯಾವುದೋ ಮನೆಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ನಡೆಯುತ್ತಿತ್ತು. ಮುಚ್ಚಿದ ಬಾಗಿಲ ಹಿಂದೆ ಲಾಮಾಗಳ ಗಂಟೆ, ಹುಲ್ಲಿನ ಸೇತುವೆ ಜೀಕುವ ಸದ್ದು, ಯಾರೋ ಕಾಲ್ನಡಿಗೆಯಲ್ಲಿ ಇಳಿದು ಬರುವ ಸದ್ದು ಎಲ್ಲ ಕೇಳಿದಂತಾಯಿತು. ಬಿಸಿಲಿಗೆ ನನ್ನ ತಲೆ ತಿರುಗಿದ್ದೂ ಇರಬಹುದು.

ಸಾಕಷ್ಟು ಹೊತ್ತಾದ ಮೇಲೆ ಅಮ್ಮ ಕೆಮ್ಮಿ, ಬಾಗಿಲು ಬಡಿದು, ಒಳಗೆ ಕಾಲಿಟ್ಟಳು. ತಟ್ಟೆ ಇದ್ದಂತೆಯೇ ಇತ್ತು. ಓನರ್ ಆಂಟಿ ಒಂದು ಚುನ್ಯೊ ತೆಗೆದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ನಾನೂ ಒಂದನ್ನು ಬಾಯಿಗೆ ಹಾಕಿಕೊಂಡೆ. ಕ್ರೇಗಿಬರ್ನ್‌ನಲ್ಲಿ ಮೂಗಿಗೆ ಹೊಡೆದಿದ್ದ ಆ ಮಣ್ಣಿನ ಘಾಟಿಲ್ಲ, ಕಹಿಯಿಲ್ಲ. ಒಂದು ರಾತ್ರಿ ಪೂರ್ತಿ ನೆನೆದದ್ದಕ್ಕೂ ಇರಬಹುದು.

"ಸಪ್ಪೆ" ಎಂದರು ಓನರ್ ಆಂಟಿ. ಇನ್ನೊಂದನ್ನು ತೆಗೆದು ಕಚ್ಚಿ ನೋಡಿದರು. "ಪೂರ್ತಿ ಸಪ್ಪೆ."

ಅಮ್ಮನಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮೂರು ತಟ್ಟೆ ಹುಡುಕಿ ತಂದು ಮೇಜಿನ ಮೇಲಿಟ್ಟಳು.

"ಅವ್ರು ಉಂಡ್ರಲ್ಲ, ಇನ್ನ ನಾವು ಉಣ್ಬೈದು. ಬನ್ನಿ, ಕೂತ್ಕಳಿ."